ನಮ್ಮವರ ಉದ್ಧಾರ ನಮ್ಮ ಕೈಯಲ್ಲಿದೆಯೇ? ಮೋನಿಕಾ ಎಂಬ ತಾಯಿ ಮತ್ತು ಕ್ರೈಸ್ತ ಪ್ರೀತಿ

2025ರ ಮೇ 8ರ ಸಂಜೆ ವ್ಯಾಟಿಕನ್ನಿನ ಸಂತ ಪೇತ್ರರ ಬೆಸಿಲಿಕಾದ ಬಾಲ್ಕನಿಯಲ್ಲಿ ಹೊಸ ಪೋಪ್ ಹದಿನಾಲ್ಕನೇ ಲಿಯೋ ಮೊದಲ ಸಲ ಜನರ ಮುಂದೆ ನಿಂತರು. ಚಿಕ್ಕ ಭಾಷಣ. ಅದರ ನಡುವೆ "ನಾನು ಸಂತ ಅಗಸ್ಟೀನರ ಮಗ" ಎಂದರು. ಅವರು ಅಗಸ್ಟೀನರ ಹೆಸರಿನ ಸನ್ಯಾಸಿ ಸಂಘಕ್ಕೆ ಸೇರಿದವರು. ಹಾಗಾಗಿ ಆ ಮಾತು. ಆಮೇಲೆ ಈ ಅಗಸ್ಟೀನ್ ಯಾರು ಅಂತ ಬಹಳ ಜನ ಹುಡುಕಿದರು. ನಾಲ್ಕನೇ ಶತಮಾನದಲ್ಲಿ ಉತ್ತರ ಆಫ್ರಿಕಾದಲ್ಲಿ ಹುಟ್ಟಿ, ಮುಂದೆ ಬಿಷಪ್ಪರಾದ ಕ್ರೈಸ್ತ ಚಿಂತಕ. ಹುಡುಕಿದವರಿಗೆ ಅಗಸ್ಟೀನರ ಹಿಂದೆ ಇನ್ನೊಬ್ಬರು ಕಂಡರು. ಅವರ ತಾಯಿ ಮೋನಿಕಾ. ಕ್ಯಾಥೊಲಿಕ್ ಪಂಚಾಂಗದಲ್ಲಿ ಆಗಸ್ಟ್ 27 ತಾಯಿಯ ದಿನ, 28 ಮಗನ ದಿನ. ಅಕ್ಕಪಕ್ಕ.

ಮೋನಿಕಾ ಯಾವ ಪುಸ್ತಕವನ್ನೂ ಬರೆಯಲಿಲ್ಲ, ಮಠ ಕಟ್ಟಲಿಲ್ಲ. ಸಿಡುಕಿನ ಗಂಡ, ಚಾಡಿ ಕೇಳುವ ಅತ್ತೆ, ದಾರಿ ತಪ್ಪಿದ ಬುದ್ಧಿವಂತ ಮಗ, ಇಷ್ಟೇ ಆಕೆಯ ಪ್ರಪಂಚ. ಕೊನೆಗೆ ಮೂವರೂ ಬದಲಾದರು. ಅದಕ್ಕೇ ಆಕೆ ಸಂತಳು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಒಬ್ಬರ ಪ್ರೀತಿ ಇನ್ನೊಬ್ಬರನ್ನು ರಕ್ಷಿಸಬಲ್ಲದೇ? ರಕ್ಷಿಸುವವನು ದೇವರಾದರೆ ಅಮ್ಮನಿಗೆ ಏನು ಕೆಲಸ? ಅಮ್ಮನೇ ರಕ್ಷಿಸಿದರೆ ದೇವರು ಯಾಕೆ ಬೇಕು? ಕ್ರೈಸ್ತರು ಇದಕ್ಕೆ ಏನು ಉತ್ತರ ಕೊಡುತ್ತಾರೆ ಅಂತ ಬುಡದಿಂದ ನೋಡೋಣ.

'ರಕ್ಷಣೆ' ಅಂದರೇನು?

"ನೀನು ಉದ್ಧಾರ ಆಗಲ್ಲ ಬಿಡು" ಎಂದು ನಮ್ಮ ಅಮ್ಮಂದಿರು ಬೈಯುವಾಗ ಅದರ ಅರ್ಥ ಕೆಲಸ, ಸಂಬಳ, ಮದುವೆ. ಕನ್ನಡ ಕ್ರೈಸ್ತರೂ 'ಉದ್ಧಾರ' ಅನ್ನುವ ಪದ ಬಳಸುತ್ತಾರೆ. 'ರಕ್ಷಣೆ' ಇನ್ನೂ ಜಾಸ್ತಿ ಬಳಕೆಯಲ್ಲಿದೆ. ಅಲ್ಲಿ ಅರ್ಥ ಬೇರೆ. ಮನುಷ್ಯ ಪಾಪದಿಂದ ದೇವರಿಗೆ ದೂರವಾಗಿದ್ದಾನೆ. ಆ ದೂರವನ್ನು ತಾನಾಗಿ ದಾಟಲು ಅವನಿಗೆ ಆಗುವುದಿಲ್ಲ. ಯೇಸು ಕ್ರಿಸ್ತನ ಮರಣ ಮತ್ತು ಪುನರುತ್ಥಾನದ ಮೂಲಕ ದೇವರೇ ದಾಟಿ ಬಂದು ಅವನನ್ನು ತನ್ನ ಬಳಿಗೆ ಸೇರಿಸಿಕೊಳ್ಳುತ್ತಾನೆ. ಇದೇ ರಕ್ಷಣೆ. ಸತ್ತ ಮೇಲೆ ಸಿಗುವ ಸ್ವರ್ಗ ಮಾತ್ರ ಅಲ್ಲ, ಈಗಿನಿಂದಲೇ ಶುರುವಾಗುವ ಒಂದು ಸಂಬಂಧ.

ಜೊತೆಗೆ ಇನ್ನೊಂದು ಪದ ಗೊತ್ತಿರಬೇಕು: ಕೃಪೆ. ಯೋಗ್ಯತೆ ನೋಡದೆ ದೇವರು ಸುಮ್ನೆ ಕೊಡುವ ಸಹಾಯ ಅದು. ಸಂಬಳ ಅಲ್ಲ, ಉಡುಗೊರೆ. ಉಡುಗೊರೆಯನ್ನು ಯಾರ ಕೈಗೂ ತುರುಕಲಾಗುವುದಿಲ್ಲ, ಅವರು ಕೈ ಚಾಚಬೇಕು. ಅಗಸ್ಟೀನರೇ ಒಂದು ಉಪದೇಶದಲ್ಲಿ ಹೇಳಿದ ಮಾತಿನ ಸಾರ ಇದು: ನಿನ್ನನ್ನು ಕೇಳದೆ ನಿನ್ನನ್ನು ಸೃಷ್ಟಿಸಿದ ದೇವರು, ನೀನು ಒಪ್ಪದೆ ನಿನ್ನನ್ನು ನೀತಿವಂತನನ್ನಾಗಿ ಮಾಡುವುದಿಲ್ಲ.

ಅಲ್ಲಿಗೆ ಎರಡು ಬಾಗಿಲು ಮುಚ್ಚಿದವು. ರಕ್ಷಿಸುವವನು ದೇವರು, ಅಮ್ಮ ಅಲ್ಲ. ಒಪ್ಪಬೇಕಾದವನು ಮಗ, ಅದೂ ಅಮ್ಮ ಅಲ್ಲ. ತಂದೆಯ ಪುಣ್ಯ ಮಗನ ಖಾತೆಗೆ, ಮಗನ ಪಾಪ ತಂದೆಯ ಖಾತೆಗೆ ಹೋಗುವುದಿಲ್ಲ ಎಂದು ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಯೆಹೆಜ್ಕೇಲನ ಗ್ರಂಥವೂ 18ನೇ ಅಧ್ಯಾಯದಲ್ಲಿ ಹೇಳುತ್ತದೆ. ಹಾಗಾದರೆ ಪ್ರೀತಿಗೆ ಜಾಗ ಎಲ್ಲಿದೆ?

ಮಾಳಿಗೆ ಬಿಚ್ಚಿದ ನಾಲ್ವರು

ಯೇಸುವಿನ ಬದುಕನ್ನು ಹೇಳುವ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಒಂದು ಘಟನೆ ಇದೆ. ಕಪೆರ್ನೌಮ್ ಎಂಬ ಊರಿನ ಒಂದು ಮನೆಯಲ್ಲಿ ಯೇಸು ಮಾತಾಡುತ್ತಿದ್ದಾನೆ. ಬಾಗಿಲ ತನಕ ಜನ. ಪಾರ್ಶ್ವವಾಯು ಬಡಿದ ಒಬ್ಬನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿಯಿಲ್ಲ. ಮೇಲೆ ಹತ್ತಿ ಮಾಳಿಗೆಯನ್ನೇ ಬಿಚ್ಚುತ್ತಾರೆ. ತೊಲೆ, ಜಂತೆ, ಮೇಲೆ ಮಣ್ಣು: ಆ ಕಾಲದ ಅಲ್ಲಿನ ಮನೆಗಳು ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳ ಹಾಗೇ ಇದ್ದವು. ಕೆಳಗಿದ್ದವರ ತಲೆ ಮೇಲೆ ಎಷ್ಟು ಮಣ್ಣು ಉದುರಿರಬೇಕು, ಯೋಚಿಸಿ. ಆ ತೂತಿನಿಂದ ರೋಗಿಯನ್ನು ಹಾಸಿಗೆ ಸಮೇತ ಇಳಿಸುತ್ತಾರೆ.

ಮುಂದಿನ ವಾಕ್ಯವೇ ಮುಖ್ಯ. ಯೇಸು 'ಅವರ' ನಂಬಿಕೆಯನ್ನು ನೋಡಿ ರೋಗಿಗೆ "ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ" ಎನ್ನುತ್ತಾನೆ. ರೋಗಿ ಅಲ್ಲಿಯ ತನಕ ಒಂದು ಮಾತೂ ಆಡಿದ್ದಿಲ್ಲ. ಹೊತ್ತು ತಂದವರ ನಂಬಿಕೆ ಅಲ್ಲಿ ಲೆಕ್ಕಕ್ಕೆ ಬಂತು. ಆದರೆ ಗುಣ ಮಾಡಿದವರು ಆ ನಾಲ್ವರಲ್ಲ. ಕೊನೆಗೆ "ಎದ್ದು ಹಾಸಿಗೆ ಎತ್ತಿಕೊಂಡು ನಡೆ" ಅಂದಾಗ ಎದ್ದವನೂ ರೋಗಿಯೇ.

ಯಾರಿಗೋ ಹುಷಾರಿಲ್ಲ ಅಂತ ರಾತ್ರಿ ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೀರಿ. ಔಷಧಿ ಕೊಡುವುದು ಡಾಕ್ಟರು, ನುಂಗುವುದು ರೋಗಿ. ಹಾಗಂತ ಆಟೋ ಹಿಡಿದದ್ದು ಏನೂ ಅಲ್ಲ ಅನ್ನಲಾಗುತ್ತದಾ? ಪ್ರೀತಿಯ ಜಾಗ ಅಲ್ಲಿದೆ. ಆರಂಭದ ಕ್ರೈಸ್ತ ಬೋಧಕ ಪೌಲನು ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಮೊದಲ ಪತ್ರದಲ್ಲಿ ಇದನ್ನು ರೈತರ ಭಾಷೆಯಲ್ಲಿ ಹೇಳುತ್ತಾನೆ. ನಾನು ಸಸಿ ನೆಟ್ಟೆ, ಅಪೊಲ್ಲೋಸ (ಇನ್ನೊಬ್ಬ ಬೋಧಕ) ನೀರು ಹಾಕಿದ, ಬೆಳೆಸಿದವನು ದೇವರು.

ಗಂಡ, ಅತ್ತೆ ಮತ್ತು ಮಾತಿಲ್ಲದ ಸಾಕ್ಷಿ

ಈಗ ಮೋನಿಕಾ. ಹುಟ್ಟಿದ್ದು ಸುಮಾರು 331ರಲ್ಲಿ. ಊರು ಉತ್ತರ ಆಫ್ರಿಕಾದ ತಗಾಸ್ತೆ. ಇವತ್ತು ಅದು ಅಲ್ಜೀರಿಯಾದ ಸೂಕ್ ಅಹ್ರಾಸ್ ಪಟ್ಟಣ. ಆಗ ರೋಮನ್ನರ ಆಳ್ವಿಕೆ. ಆಕೆಯ ಬಗ್ಗೆ ನಮಗೆ ಗೊತ್ತಿರುವುದು ಬಹುಪಾಲು ಮಗ ಬರೆದದ್ದರಿಂದ. 397ರ ಆಸುಪಾಸಿನಲ್ಲಿ ಅಗಸ್ಟೀನರು ಲ್ಯಾಟಿನ್ನಿನಲ್ಲಿ 'ಕನ್ಫೆಶನ್ಸ್' ಬರೆಯಲು ಕೂತರು. ದೇವರ ಮುಂದೆ ತನ್ನ ಬದುಕನ್ನೆಲ್ಲ ಬಿಚ್ಚಿಡುವ ಪುಸ್ತಕ ಅದು. ಅದರ ಒಂಬತ್ತನೇ ಭಾಗದ ಉತ್ತರಾರ್ಧ ಹೆಚ್ಚುಕಡಿಮೆ ಅಮ್ಮನಿಗೇ ಮೀಸಲು.

ಮೋನಿಕಾ ಹುಟ್ಟಿನಿಂದ ಸಂತಳಾಗಿರಲಿಲ್ಲ ಅನ್ನುವುದನ್ನು ಮಗ ಮುಚ್ಚಿಟ್ಟಿಲ್ಲ. ಚಿಕ್ಕವಳಿದ್ದಾಗ ಉಗ್ರಾಣದಿಂದ ದ್ರಾಕ್ಷಾರಸ ತರಲು ಕಳಿಸುತ್ತಿದ್ದರಂತೆ. ಹೋದಾಗಲೆಲ್ಲ ಒಂದು ಗುಟುಕು ಕುಡಿಯುತ್ತಿದ್ದಳು. ಗುಟುಕು ಲೋಟವಾಯಿತು. ಒಂದು ದಿನ ಮನೆಯ ದಾಸಿಯೊಂದಿಗೆ ಜಗಳವಾದಾಗ ಆಕೆ "ಕುಡುಕಿ" ಅಂದುಬಿಟ್ಟಳು. ಆ ಮಾತು ನಾಟಿತು. ಅವತ್ತಿಗೇ ಬಿಟ್ಟಳು. ಆ ದಾಸಿ ತಿದ್ದಬೇಕು ಅಂತ ಹೇಳಿದ್ದಲ್ಲ, ಚುಚ್ಚಬೇಕು ಅಂತ ಹೇಳಿದ್ದು, ಆದರೂ ದೇವರು ಅದನ್ನೇ ಬಳಸಿಕೊಂಡ ಎಂದು ಅಗಸ್ಟೀನರು ಬರೆಯುತ್ತಾರೆ.

ಗಂಡ ಪ್ಯಾಟ್ರಿಕಿಯಸ್ ಊರಿನ ಪೌರಸಭೆಯ ಸದಸ್ಯ. ಕ್ರೈಸ್ತನಲ್ಲ. ಪ್ರೀತಿ ಇದ್ದ ಮನುಷ್ಯ, ಆದರೆ ಭಾರಿ ಸಿಟ್ಟು. ಬೇರೆ ಹೆಂಗಸರ ಸಹವಾಸವೂ ಇತ್ತು. ಸಿಟ್ಟಿನಲ್ಲಿದ್ದಾಗ ಮೋನಿಕಾ ಎದುರಾಡುತ್ತಿರಲಿಲ್ಲ. ತಣ್ಣಗಾದ ಮೇಲೆ ತಾನು ಮಾಡಿದ್ದು ಯಾಕೆ ಅಂತ ಬಿಡಿಸಿ ಹೇಳುತ್ತಿದ್ದಳು. ಅತ್ತೆಗೆ ಮನೆಯ ಆಳುಗಳು ಸೊಸೆಯ ಮೇಲೆ ಚಾಡಿ ತುಂಬಿದ್ದರು. ಅತ್ತೆಯನ್ನು ಗೆದ್ದದ್ದೂ ವಾದದಿಂದಲ್ಲ, ತಾಳ್ಮೆಯಿಂದ, ಸೇವೆಯಿಂದ. ಕೊನೆಗೆ ಅತ್ತೆಯೇ ಚಾಡಿಕೋರರ ಹೆಸರು ಮಗನಿಗೆ ಹೇಳಿದಳು.

ಇದರ ಹಿಂದೆ ಹೊಸ ಒಡಂಬಡಿಕೆಯ ಒಂದು ನೇರ ಮಾತಿದೆ. ದೇವರ ವಾಕ್ಯವನ್ನು ಒಪ್ಪದ ಗಂಡಂದಿರು ಹೆಂಡತಿಯ ನಡತೆ ನೋಡಿ, ಮಾತಿಲ್ಲದೆಯೇ ಒಲಿಯಬಹುದು ಎಂದು ಪೇತ್ರನ ಮೊದಲ ಪತ್ರ ಮೂರನೇ ಅಧ್ಯಾಯದ ಆರಂಭದಲ್ಲೇ ಹೇಳುತ್ತದೆ. 'ಮಾತಿಲ್ಲದೆಯೇ' ಅನ್ನುವುದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಮೊಸರಾಯಿತಾ ಅಂತ ಗಳಿಗೆಗೊಮ್ಮೆ ಕದಡಿ ನೋಡಿದರೆ ಮೊಸರು ಗಟ್ಟಿಯಾಗುವುದಿಲ್ಲ, ಅಲ್ವಾ? ಸ್ವರ್ಗದ ರಾಜ್ಯವನ್ನು ಯೇಸು ಹಿಟ್ಟಿನಲ್ಲಿ ಅಡಗಿಸಿಟ್ಟ ಹುಳಿಗೆ ಹೋಲಿಸಿದ್ದೂ ಹೀಗೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಡೆತ ತಿಂದು ಬಂದ ನೆರೆಯ ಹೆಂಗಸರಿಗೆ ಮೋನಿಕಾ, ಮದುವೆಯ ಕರಾರು ಪತ್ರ ಅಂದರೆ ದಾಸ್ಯದ ಪತ್ರ ಅಂದುಕೊಳ್ಳಿ, ಬಾಯಿ ಬಿಗಿ ಹಿಡಿಯಿರಿ ಎಂದಳಂತೆ. ಅದು ನಾಲ್ಕನೇ ಶತಮಾನದ ರೋಮನ್ ಸಮಾಜದ ಬುದ್ಧಿವಾದ. ಇವತ್ತು ಯಾರಾದರೂ ಅದನ್ನು ಹಿಂಸೆ ಸಹಿಸಿಕೊಳ್ಳಲು ಆಧಾರ ಮಾಡಿಕೊಂಡರೆ ಅದು ತಪ್ಪು ಓದು. ನಂಬದ ಸಂಗಾತಿ ಬಿಟ್ಟು ಹೋಗುತ್ತೇನೆ ಅಂದರೆ ಹೋಗಲಿ ಬಿಡಿ, ದೇವರು ಕರೆದಿರುವುದು ಸಮಾಧಾನದಿಂದ ಇರಲು ಎಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಅದೇ ಜಾಗದಲ್ಲಿ, ನಿನ್ನ ಗಂಡನನ್ನು ರಕ್ಷಿಸುವೆಯೋ ಇಲ್ಲವೋ ನಿನಗೇನು ಗೊತ್ತು ಎಂದು ಕೇಳುತ್ತಾನೆ. ಆಗಬಹುದು ಅನ್ನುವ ಆಸೆ ಅದರಲ್ಲಿದೆ. ಆಗಿಯೇ ಆಗುತ್ತದೆ ಅನ್ನುವ ಭರವಸೆ ಇಲ್ಲ.

ಪ್ಯಾಟ್ರಿಕಿಯಸ್ ಬದುಕಿನ ಕೊನೆಗಾಲದಲ್ಲಿ ಕ್ರೈಸ್ತನಾದ. ಸುಮಾರು 371ರಲ್ಲಿ ತೀರಿಕೊಂಡ.

ಮಗನ ವಿಷಯ ಅಷ್ಟು ಸುಲಭವಾಗಿರಲಿಲ್ಲ

ಅಗಸ್ಟೀನ್ ಹುಟ್ಟಿದ್ದು 354ರ ನವೆಂಬರ್ 13ರಂದು. ಮುಂದೆ ಸಂತರಾದವರನ್ನು 'ಅವನು' ಎನ್ನುತ್ತಿದ್ದೇನೆ. ಆಗ ಅವನಿನ್ನೂ ಸಂತನಲ್ಲ, ಪೂರ್ತಿ ಉಲ್ಟಾ. ಓದಲು ಕಾರ್ಥೇಜಿಗೆ ಹೋದ. ಮದುವೆಯಾಗದೆ ಒಬ್ಬಳ ಜೊತೆ ಸಂಸಾರ ಹೂಡಿದ, ಒಬ್ಬ ಮಗನೂ ಹುಟ್ಟಿದ. ಹತ್ತೊಂಬತ್ತರ ಹೊತ್ತಿಗೆ ಮಾನಿ ಎಂಬ ಪರ್ಷಿಯದ ಗುರುವಿನ ಪಂಥ ಸೇರಿದ. ಬೆಳಕು ಮತ್ತು ಕತ್ತಲು ಎಂಬ ಎರಡು ಶಕ್ತಿಗಳ ಕಾದಾಟವೇ ಜಗತ್ತು ಎನ್ನುವ ಪಂಥ ಅದು. ಅಮ್ಮನ ಧರ್ಮ ಅವನಿಗೆ ಓದುಬರಹ ಇಲ್ಲದವರ ನಂಬಿಕೆಯಾಗಿ ಕಂಡಿತು.

ಮೋನಿಕಾ ಮೊದಲು ಮಾಡಿದ್ದು ಬಹಳ ಅಪ್ಪ ಅಮ್ಮಂದಿರು ಮಾಡುವ ಕೆಲಸವನ್ನೇ. ಮನೆಗೆ ಸೇರಿಸಲಿಲ್ಲ, ಜೊತೆಯಲ್ಲಿ ಊಟಕ್ಕೆ ಕೂರಲಿಲ್ಲ. ಆಮೇಲೆ ಒಂದು ಕನಸು ಬಿತ್ತು. ಆಕೆ ಒಂದು ಮರದ ಪಟ್ಟಿಯ ಮೇಲೆ ನಿಂತು ಅಳುತ್ತಿದ್ದಾಳೆ. ಹೊಳೆಯುವ ಒಬ್ಬ ಯುವಕ ಬಂದು ಯಾಕೆ ಅಳುತ್ತೀ ಎಂದು ಕೇಳಿ, "ನೋಡು, ನೀನಿರುವಲ್ಲೇ ಅವನೂ ಇದ್ದಾನೆ" ಎನ್ನುತ್ತಾನೆ. ತಿರುಗಿ ನೋಡಿದರೆ ಮಗ ಅದೇ ಪಟ್ಟಿಯ ಮೇಲೆ ಪಕ್ಕದಲ್ಲಿ ನಿಂತಿದ್ದಾನೆ. ಬೆಳಿಗ್ಗೆ ಮಗನಿಗೆ ಹೇಳಿದಾಗ ಅವನು ಜಾಣತನ ತೋರಿಸಿದ: "ಅಂದರೆ ನೀನೂ ಒಂದು ದಿನ ನನ್ನ ಪಂಥಕ್ಕೆ ಬರುತ್ತೀಯ ಅಂತ." ಅಮ್ಮ ಒಂದು ಕ್ಷಣವೂ ತಡವರಿಸಲಿಲ್ಲ. "ಅವನಿರುವಲ್ಲಿ ನೀನಿರುತ್ತೀ ಅಂತ ಹೇಳಲಿಲ್ಲ, ನೀನಿರುವಲ್ಲಿ ಅವನಿರುತ್ತಾನೆ ಅಂತ ಹೇಳಿದ್ದು." ಕನಸಿಗಿಂತ ಅಮ್ಮನ ಈ ಉತ್ತರವೇ ತನ್ನನ್ನು ಅಲ್ಲಾಡಿಸಿತು ಎಂದು ಅವನು ಬರೆದಿದ್ದಾನೆ. ಆ ಕನಸಿನ ನಂತರ ಮತ್ತೆ ಮನೆಗೆ ಸೇರಿಸಿದಳು, ಒಟ್ಟಿಗೆ ಊಟಕ್ಕೆ ಕೂತಳು. ಮಗ ಬದಲಾಗಿರಲಿಲ್ಲ. ಅಮ್ಮನ ದಾರಿ ಬದಲಾಗಿತ್ತು.

ಇನ್ನೊಂದು ಸಲ ಒಬ್ಬ ಬಿಷಪ್ಪರ ಹತ್ತಿರ ಹೋದಳು. ಅವರೂ ಚಿಕ್ಕವರಿದ್ದಾಗ ಅದೇ ಪಂಥದಲ್ಲಿ ಬೆಳೆದು ಹೊರಬಂದವರು. "ನನ್ನ ಮಗನ ಹತ್ತಿರ ಒಂದು ಸಲ ಮಾತಾಡಿ, ತಪ್ಪು ತಿಳಿಸಿ ಹೇಳಿ" ಎಂದು ಬೇಡಿದಳು. ಬಿಷಪ್ಪರು ಒಪ್ಪಲಿಲ್ಲ. ಈಗ ಅವನು ಕೇಳುವ ಸ್ಥಿತಿಯಲ್ಲಿಲ್ಲ, ಅವನನ್ನು ಅವನ ಪಾಡಿಗೆ ಬಿಡು, ಅವನಿಗಾಗಿ ಪ್ರಾರ್ಥಿಸು, ಓದುತ್ತಾ ಓದುತ್ತಾ ಅವನೇ ಕಂಡುಕೊಳ್ಳುತ್ತಾನೆ ಎಂದರು. ಆಕೆ ಬಿಡದೆ ಅತ್ತಳು. ಕೊನೆಗೆ ಅವರಿಗೂ ಸಾಕಾಯಿತು. "ಹೋಗಮ್ಮ. ಇಷ್ಟು ಕಣ್ಣೀರಿನ ಮಗ ಹಾಳಾಗಲು ಸಾಧ್ಯವಿಲ್ಲ" ಎಂದು ಕಳಿಸಿಬಿಟ್ಟರು. ಆಕೆ ಅದನ್ನು ಆಕಾಶವಾಣಿ ಅಂತಲೇ ತೆಗೆದುಕೊಂಡಳು.

ಕೇಳಿದ್ದು ಸಿಗಲಿಲ್ಲ, ಬೇಕಿದ್ದದ್ದು ಸಿಕ್ಕಿತು

383ರಲ್ಲಿ ಅಗಸ್ಟೀನ್ ಕಾರ್ಥೇಜಿನಿಂದ ರೋಮಿಗೆ ಹಡಗು ಹತ್ತಲು ಹೊರಟ. ಅಮ್ಮ ಬಂದರಿನ ತನಕ ಬಂದು ಅವನನ್ನು ಹಿಡಿದುಕೊಂಡಳು: ಇಲ್ಲೇ ಇರು, ಇಲ್ಲ ನನ್ನನ್ನೂ ಕರೆದುಕೊಂಡು ಹೋಗು. ಅವನು ಒಂದು ಸುಳ್ಳು ಹೇಳಿದ. ಗೆಳೆಯನೊಬ್ಬನನ್ನು ಕಳಿಸಿಕೊಡಲು ಬಂದಿದ್ದೇನೆ, ಗಾಳಿ ಸರಿಯಾಗುವ ತನಕ ಕಾಯಬೇಕು ಎಂದ. ಪಕ್ಕದಲ್ಲೇ ಇದ್ದ ಸಂತ ಸಿಪ್ರಿಯನ್ನರ ಪ್ರಾರ್ಥನಾ ಮಂದಿರದಲ್ಲಿ ರಾತ್ರಿ ಕಳೆಯಲು ಅಮ್ಮನನ್ನು ಒಪ್ಪಿಸಿ, ಆ ರಾತ್ರಿಯೇ ಹಡಗು ಹತ್ತಿಬಿಟ್ಟ. ಆಕೆ ಅಲ್ಲಿ ರಾತ್ರಿಯೆಲ್ಲ ಬೇಡಿದ್ದು ಒಂದೇ: ಅವನು ಹೋಗಬಾರದು. ಬೆಳಿಗ್ಗೆ ನೋಡಿದರೆ ಹಡಗಿಲ್ಲ.

ಇದರ ಬಗ್ಗೆ ಅಗಸ್ಟೀನರ ವಿವರಣೆ ಕ್ರೈಸ್ತರ ಪ್ರಾರ್ಥನೆಯ ತಿಳಿವಳಿಕೆಗೆ ಒಂದು ಕೀಲಿ ಇದ್ದ ಹಾಗೆ. ಆಕೆ ಅವತ್ತು ಕೇಳಿದ್ದನ್ನು ದೇವರು ಕೊಡಲಿಲ್ಲ, ಯಾವತ್ತೂ ಕೇಳುತ್ತಿದ್ದದ್ದನ್ನು ಕೊಡಲಿಕ್ಕೋಸ್ಕರ. ಆ ಹಡಗು ಅವನನ್ನು ಒಯ್ದದ್ದು ಇಟಲಿಗೆ, ಅಲ್ಲಿಂದ ಮಿಲಾನಿಗೆ, ಕೊನೆಗೆ ಅವನು ಬದಲಾದ ಜಾಗಕ್ಕೆ.

ಹಾಗಾದರೆ ಇನ್ನೊಬ್ಬರಿಗಾಗಿ ಮಾಡುವ ಪ್ರಾರ್ಥನೆ ಹೇಗೆ ಕೆಲಸ ಮಾಡುತ್ತದೆ? ದೇವರಿಗೆ ಎಲ್ಲ ಗೊತ್ತಿದ್ದ ಮೇಲೆ ಕೇಳುವುದು ಯಾಕೆ? 13ನೇ ಶತಮಾನದ ಥಾಮಸ್ ಅಕ್ವಿನಾಸ್ ಕೊಟ್ಟ ಉತ್ತರ ಇದು. ದೇವರ ಮನಸ್ಸು ಬದಲಾಯಿಸಲು ನಾವು ಪ್ರಾರ್ಥಿಸುವುದಿಲ್ಲ. ಪ್ರಾರ್ಥನೆಯ ಮೂಲಕವೇ ಕೊಡಬೇಕು ಅಂತ ಅವನು ಇಟ್ಟಿರುವುದನ್ನು ಪಡೆಯಲು ಪ್ರಾರ್ಥಿಸುತ್ತೇವೆ. ಕನ್ನಂಬಾಡಿಯಲ್ಲಿ ನೀರಿದೆ. ಮಂಡ್ಯದ ಗದ್ದೆಗೆ ಅದು ಬರುವುದು ಕಾಲುವೆಯಲ್ಲಿ. ಕಾಲುವೆ ಒಂದು ಹನಿ ನೀರನ್ನೂ ಹುಟ್ಟಿಸುವುದಿಲ್ಲ, ಆದರೂ ಕಾಲುವೆ ತೋಡಿದ್ದು ದಂಡ ಅಂತ ಯಾವ ರೈತನೂ ಅನ್ನುವುದಿಲ್ಲ. ತನ್ನ ಕೃಪೆಯನ್ನು ಮನುಷ್ಯರ ಕೈಯಿಂದ ಮನುಷ್ಯರಿಗೆ ಮುಟ್ಟಿಸುವುದು ದೇವರ ಇಷ್ಟ ಎಂದು ಕ್ರೈಸ್ತರು ನಂಬುತ್ತಾರೆ. ದೇವರಿಗೂ ಮನುಷ್ಯರಿಗೂ ನಡುವೆ ಕ್ರಿಸ್ತನೊಬ್ಬನೇ ಮಧ್ಯಸ್ಥ ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರ ಹೇಳುತ್ತದೆ. ಅದೇ ಅಧ್ಯಾಯ ಶುರುವಾಗುವುದು ಎಲ್ಲರಿಗಾಗಿಯೂ ಪ್ರಾರ್ಥಿಸಿ ಎಂಬ ಮಾತಿನಿಂದ.

ರಕ್ಷಣೆ ಹೊಂದುವವರನ್ನು ದೇವರು ಮೊದಲೇ ಆರಿಸಿದ್ದಾನೆ ಎಂದು 16ನೇ ಶತಮಾನದ ಸುಧಾರಕ ಕಾಲ್ವಿನ್ನರ ಹಾದಿಯ ಪ್ರೊಟೆಸ್ಟೆಂಟರು ಹೇಳುತ್ತಾರೆ. ಅವರೂ ಮನೆಯವರಿಗಾಗಿ ಪ್ರಾರ್ಥಿಸುತ್ತಾರೆ. ಆರಿಸಿದವನೇ ದಾರಿಯನ್ನೂ ಇಟ್ಟಿದ್ದಾನೆ, ಪ್ರಾರ್ಥನೆ ಆ ದಾರಿ ಅನ್ನುವುದು ಅವರ ಮಾತು. ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕ್ ಮನೆಗಳಲ್ಲಿ ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಜಪಸರ ಹಿಡಿದು ಹೇಳುವ 'ತೇರ್ಸ್' ಕೂಡ ಇದೇ ನಂಬಿಕೆಯದು. ನಿದ್ದೆ ತೂಗುವ ಮಕ್ಕಳಿಗೆ ಅದೊಂದು ಶಿಕ್ಷೆ ಅನ್ನುವುದು ಬೇರೆ ವಿಷಯ.

ಗೆಳೆಯರ ಪಾಲು

ಅಮ್ಮನೊಬ್ಬಳೇ ಅಗಸ್ಟೀನನನ್ನು ತಂದಳು ಅಂತ ಹೇಳುವುದು ಅರ್ಧ ಕತೆ. ಮಿಲಾನಿನ ಬಿಷಪ್ ಆಂಬ್ರೋಸ್ ಆ ಕಾಲದ ದೊಡ್ಡ ಉಪದೇಶಕ. ಅಗಸ್ಟೀನ್ ಭಾಷಣಕಲೆಯ ಮೇಷ್ಟ್ರು, ಹಾಗಾಗಿ ಆಂಬ್ರೋಸ್ ಹೇಗೆ ಮಾತಾಡುತ್ತಾರೆ ಅಂತ ನೋಡಲು ಹೋದ. ಅವನನ್ನು ಹಿಡಿದದ್ದು ಮೊದಲು ಉಪದೇಶವಲ್ಲ. ಆಂಬ್ರೋಸ್ ಅವನನ್ನು ತಂದೆಯಂತೆ ಬರಮಾಡಿಕೊಂಡರು. ತಾನು ಅವರನ್ನು ಪ್ರೀತಿಸಲು ತೊಡಗಿದ್ದು ಸತ್ಯದ ಗುರು ಅಂತ ಅಲ್ಲ, ತನ್ನ ಮೇಲೆ ದಯೆ ಇದ್ದ ಮನುಷ್ಯ ಅಂತ ಎಂದು ಅಗಸ್ಟೀನ್ ಬರೆಯುತ್ತಾನೆ.

ಗೆಳೆಯ ಆಲಿಪಿಯಸ್‌ನ ಕತೆ ಇನ್ನೂ ಸ್ವಾರಸ್ಯ. ಕಾರ್ಥೇಜಿನಲ್ಲಿ ಅವನಿಗೆ ರಥದ ಪಂದ್ಯಗಳ ಹುಚ್ಚು. ಒಂದು ದಿನ ಪಾಠ ಮಾಡುತ್ತಾ ಅಗಸ್ಟೀನ್ ಆ ಹುಚ್ಚಿನ ಬಗ್ಗೆ ಒಂದು ಕುಟುಕು ಮಾತು ಆಡಿದ. ಆಲಿಪಿಯಸ್ ಅವನ ಮನಸ್ಸಿನಲ್ಲೇ ಇರಲಿಲ್ಲ. ಆದರೆ ಆಲಿಪಿಯಸ್ ಅದು ತನಗೇ ಅಂದುಕೊಂಡ. ಕೋಪ ಮಾಡಿಕೊಳ್ಳುವ ಬದಲು ತನ್ನ ಮೇಲೆಯೇ ನಾಚಿಕೆಪಟ್ಟು ಪಂದ್ಯ ಬಿಟ್ಟ. ಮುಂದೆ ರೋಮಿನಲ್ಲಿ ಬೇರೆ ಗೆಳೆಯರು ಅವನನ್ನು ಕತ್ತಿಮಲ್ಲರ ಕಾಳಗಕ್ಕೆ ಎಳೆದುಕೊಂಡು ಹೋದರು. ಕಣ್ಣು ಮುಚ್ಚಿಕೊಂಡೇ ಕೂತಿದ್ದ. ಜನ ಒಮ್ಮೆ ಕೂಗಿದಾಗ ತಡೆಯಲಾಗದೆ ಕಣ್ಣು ತೆರೆದ. ಮುಗಿಯಿತು, ಆಮೇಲೆ ಅವನೇ ಬೇರೆಯವರನ್ನು ಎಳೆದುಕೊಂಡು ಹೋಗತೊಡಗಿದ. ಒಬ್ಬ ಗೆಳೆಯ ಎತ್ತುತ್ತಾನೆ, ಇನ್ನೊಬ್ಬ ಬೀಳಿಸುತ್ತಾನೆ.

ಬೀಳಿಸಿದವರಲ್ಲಿ ಅಗಸ್ಟೀನ್ ಕೂಡ ಇದ್ದ. ತಗಾಸ್ತೆಯಲ್ಲಿ ಅವನಿಗೊಬ್ಬ ಜೀವದ ಗೆಳೆಯ. ಹೆಸರು ಬರೆದಿಲ್ಲ. ಅವನನ್ನು ಕ್ರೈಸ್ತ ನಂಬಿಕೆಯಿಂದ ತಪ್ಪಿಸಿದ್ದು ಅಗಸ್ಟೀನೇ. ಆ ಗೆಳೆಯನಿಗೆ ಜ್ವರ ಬಂದು ಎಚ್ಚರ ತಪ್ಪಿದಾಗ ಮನೆಯವರು ಅವನಿಗೆ ಜ್ಞಾನಸ್ನಾನ, ಅಂದರೆ ಕ್ರೈಸ್ತನಾಗುವ ನೀರಿನ ಸಂಸ್ಕಾರ, ಕೊಡಿಸಿದರು. ಎಚ್ಚರವಾದ ಮೇಲೆ ಅಗಸ್ಟೀನ್ ಅದನ್ನು ಗೇಲಿ ಮಾಡಿದ, ಅವನೂ ನಗುತ್ತಾನೆ ಅಂದುಕೊಂಡು. ಗೆಳೆಯ ಶತ್ರುವನ್ನು ನೋಡುವಂತೆ ನೋಡಿ, ನನ್ನ ಗೆಳೆಯನಾಗಿರಬೇಕಾದರೆ ಈ ಮಾತು ನಿಲ್ಲಿಸು ಎಂದ. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿ ತೀರಿಕೊಂಡ. ಅಗಸ್ಟೀನ್ ಆಗ ಪಕ್ಕದಲ್ಲಿರಲಿಲ್ಲ. ಆ ದುಃಖಕ್ಕೆ ಊರೇ ಬಿಟ್ಟ.

ಪ್ರೀತಿಗೂ ಶುದ್ಧಿ ಬೇಕು

385ರಲ್ಲಿ ಮೋನಿಕಾ ಕಡಲು ದಾಟಿ ಮಿಲಾನಿಗೆ ಬಂದಳು. ಅಲ್ಲಿ ಆಕೆ ಮಾಡಿದ ಒಂದು ಕೆಲಸ ನನಗೆ ಯಾವತ್ತೂ ಮುಳ್ಳಾಗಿ ಚುಚ್ಚುತ್ತದೆ. ಮಗನಿಗೆ ಒಳ್ಳೆಯ ಮನೆತನದ ಹೆಣ್ಣು ಗೊತ್ತು ಮಾಡಿದಳು. ಮದುವೆಯಾದರೆ ಸ್ಥಾನಮಾನವೂ ಬರುತ್ತದೆ, ಜ್ಞಾನಸ್ನಾನಕ್ಕೂ ದಾರಿಯಾಗುತ್ತದೆ. ಹುಡುಗಿಗೆ ಮದುವೆಯ ವಯಸ್ಸಿಗೆ ಇನ್ನೂ ಎರಡು ವರ್ಷ ಕಡಿಮೆ. ಅದಕ್ಕಾಗಿ, ಅಷ್ಟು ವರ್ಷ ಅಗಸ್ಟೀನನ ಜೊತೆ ಬಾಳಿದ, ಅವನ ಮಗನ ತಾಯಿಯನ್ನು ಆಫ್ರಿಕಾಕ್ಕೆ ವಾಪಸ್ ಕಳಿಸಲಾಯಿತು. ಮಗನನ್ನು ಇಲ್ಲೇ ಬಿಟ್ಟು ಹೋದಳು. ಇನ್ನೊಬ್ಬ ಗಂಡಸನ್ನು ಸೇರುವುದಿಲ್ಲ ಎಂದು ಹರಕೆ ಹೊತ್ತು ಹೋದಳು. ಆಕೆಯ ಹೆಸರು ಯಾರಿಗೂ ಗೊತ್ತಿಲ್ಲ. ತನ್ನ ಎದೆ ಹರಿದು ರಕ್ತ ಸುರಿಯಿತು ಎಂದು ಅಗಸ್ಟೀನ್ ಬರೆದಿದ್ದಾನೆ. ಆದರೆ ತಡೆಯಲಿಲ್ಲ.

ಅಮ್ಮನ ಪ್ರೀತಿಯಲ್ಲಿ ಲೋಕದ ಮೋಹವೂ ಬೆರೆತಿತ್ತು, ಬಂದರಿನ ಆ ಅಗಲಿಕೆಯ ನೋವಿನಿಂದ ದೇವರು ಅದನ್ನು ತಿದ್ದಿದ ಎಂದು ಅಗಸ್ಟೀನರೇ ಹೇಳುತ್ತಾರೆ. ಕ್ರೈಸ್ತರು 'ಪ್ರೀತಿ' ಅನ್ನುವಾಗ ಮಮಕಾರವನ್ನೇ ಪ್ರೀತಿ ಅಂದುಕೊಳ್ಳುವುದಿಲ್ಲ. ಮಮಕಾರ ತನ್ನವರು ತನ್ನ ಹತ್ತಿರ ಇರಲಿ, ತನ್ನ ಹೆಸರು ಉಳಿಸಲಿ ಅನ್ನುತ್ತದೆ. ಇನ್ನೊಂದು ಬಗೆಯ ಪ್ರೀತಿ ಅವರಿಗೆ ಒಳ್ಳೆಯದಾಗಲಿ ಅನ್ನುತ್ತದೆ, ತನ್ನಿಂದ ದೂರವಾದರೂ ಸರಿ. ಮೊದಲನೆಯದು ಹುಟ್ಟಿನಿಂದ ಬರುತ್ತದೆ. ಎರಡನೆಯದನ್ನು ಕಲಿಯಬೇಕು, ಅದಕ್ಕೂ ಕೃಪೆ ಬೇಕು. ಗಾಳಕ್ಕೆ ಎರೆ ಸಿಕ್ಕಿಸಿದ ಹಾಗೆ ಮತಕ್ಕೆ ಸೇರಿಸಲು ತೋರಿಸುವ ಪ್ರೀತಿ ಈ ಎರಡಕ್ಕೂ ಸೇರುವುದಿಲ್ಲ.

ತೋಟದಲ್ಲಿ ಅಮ್ಮ ಇರಲಿಲ್ಲ

386ರ ಬೇಸಿಗೆ. ಮಿಲಾನಿನ ಮನೆಯ ತೋಟದಲ್ಲಿ ಅಗಸ್ಟೀನ್ ಒಳಗಿನ ಜಗ್ಗಾಟ ತಾಳಲಾರದೆ ಅಂಜೂರದ ಮರದಡಿ ಬಿದ್ದು ಅತ್ತ. ಪಕ್ಕದ ಮನೆಯಿಂದ ಮಗುವೊಂದರ ದನಿ ರಾಗವಾಗಿ ಕೇಳಿಸಿತು: "ಎತ್ತಿಕೋ, ಓದು. ಎತ್ತಿಕೋ, ಓದು." ಪೌಲನ ಪತ್ರಗಳನ್ನು ತೆರೆದ. ಕಣ್ಣಿಗೆ ಬಿದ್ದದ್ದು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ: ಕುಡಿತ, ಕಾಮ, ಜಗಳ ಬಿಟ್ಟು ಕ್ರಿಸ್ತನನ್ನು ಧರಿಸಿಕೊಳ್ಳಿ. ಅಷ್ಟು ಸಾಕಾಯಿತು. ಪುಸ್ತಕವನ್ನು ಆಲಿಪಿಯಸ್‌ಗೆ ತೋರಿಸಿದ. ಆಲಿಪಿಯಸ್ ಮುಂದಿನ ಸಾಲು ಓದಿದ: ನಂಬಿಕೆಯಲ್ಲಿ ದೃಢವಿಲ್ಲದವನನ್ನು ಸೇರಿಸಿಕೊಳ್ಳಿರಿ. ಅದು ನನಗೆ ಎಂದ. ಇಬ್ಬರೂ ಒಳಗೆ ಹೋಗಿ ಅಮ್ಮನಿಗೆ ಹೇಳಿದರು.

ಗಮನಿಸಿ, ಆ ಗಳಿಗೆಯಲ್ಲಿ ಮೋನಿಕಾ ತೋಟದಲ್ಲಿರಲಿಲ್ಲ. ಮಾನಿಯ ಪಂಥ ಸೇರಿದಾಗಿನಿಂದ ಲೆಕ್ಕ ಹಾಕಿದರೆ ಸುಮಾರು ಹದಿಮೂರು ವರ್ಷ ಅತ್ತವಳಿಗೆ ಸುದ್ದಿ ಬಂದದ್ದು ಆಮೇಲೆ. ಆ ಒಪ್ಪಿಗೆ ಅವನದ್ದೇ ಆಗಿತ್ತು. 387ರ ಈಸ್ಟರ್ ಜಾಗರಣೆಯ ರಾತ್ರಿ ಅಗಸ್ಟೀನ್, ಅವನ ಮಗ ಮತ್ತು ಆಲಿಪಿಯಸ್ ಮೂವರೂ ಆಂಬ್ರೋಸರಿಂದ ಜ್ಞಾನಸ್ನಾನ ಪಡೆದರು.

ಎಲ್ಲ ಮನೆಯಲ್ಲೂ ಹೀಗೆ ಮುಗಿಯುವುದಿಲ್ಲ. ಸುವಾರ್ತೆಗಳೂ ಅದನ್ನು ಬಚ್ಚಿಡುವುದಿಲ್ಲ. ಯೇಸುವಿನ ಸ್ವಂತ ಮನೆಯವರೇ ಅವನಿಗೆ ಹುಚ್ಚು ಹಿಡಿದಿದೆ ಎಂದು ಹಿಡಿದು ತರಲು ಹೊರಟದ್ದು ಮಾರ್ಕನ ಮೂರನೇ ಅಧ್ಯಾಯದಲ್ಲಿದೆ.

ಸತ್ತ ಮೇಲೂ ಪ್ರೀತಿ ಕೆಲಸ ಮಾಡುತ್ತದೆಯೇ?

ಇಲ್ಲಿ ಕ್ರೈಸ್ತರಲ್ಲೇ ಎರಡು ದಾರಿ. ದೇವರ ಸ್ನೇಹದಲ್ಲೇ ಸತ್ತು, ಇನ್ನೂ ಪೂರ್ತಿ ಶುದ್ಧರಾಗದವರು ಸ್ವರ್ಗಕ್ಕೆ ಮುಂಚೆ ಶುದ್ಧಿಯಾಗುತ್ತಾರೆ, ಬದುಕಿರುವವರ ಪ್ರಾರ್ಥನೆ ಅವರಿಗೆ ನೆರವಾಗುತ್ತದೆ ಎನ್ನುವುದು ಕ್ಯಾಥೊಲಿಕರ ನಂಬಿಕೆ. ನವೆಂಬರ್ 2ರಂದು ಕರ್ನಾಟಕದ ಕ್ಯಾಥೊಲಿಕರು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುವುದು ಇದಕ್ಕೇ. ಪ್ರೊಟೆಸ್ಟೆಂಟರಲ್ಲಿ ಬಹುಪಾಲು ಜನ ಇದನ್ನು ಒಪ್ಪುವುದಿಲ್ಲ. ಸಾವಿನೊಂದಿಗೆ ತೀರ್ಮಾನವಾಯಿತು, ಸತ್ತವರನ್ನು ದೇವರ ಕರುಣೆಗೆ ಒಪ್ಪಿಸಿ ಅವರಿಗಾಗಿ ಕೃತಜ್ಞತೆ ಹೇಳಬಹುದು ಅಷ್ಟೇ ಎನ್ನುತ್ತಾರೆ. ಆದ್ದರಿಂದ ಬದುಕಿರುವಾಗಲೇ ಪ್ರೀತಿ ತೋರಿಸಬೇಕು ಅನ್ನುವ ಒತ್ತು ಅವರಲ್ಲಿ ಜಾಸ್ತಿ.

ಮೋನಿಕಾ ಯಾವ ಕಡೆ ಅನ್ನುವುದರಲ್ಲಿ ಅನುಮಾನವಿಲ್ಲ. 387ರಲ್ಲೇ, ಆಫ್ರಿಕಾಕ್ಕೆ ಹಿಂತಿರುಗಲು ರೋಮಿನ ಬಂದರು ಓಸ್ತಿಯಾದಲ್ಲಿ ಹಡಗಿಗೆ ಕಾಯುತ್ತಿದ್ದಾಗ ಜ್ವರ ಬಂತು. ಗಂಡನ ಪಕ್ಕದಲ್ಲೇ ಮಣ್ಣಾಗಬೇಕು ಎಂದು ಆಕೆ ಊರಿನಲ್ಲಿ ಜಾಗ ಕಾದಿರಿಸಿದ್ದಳು. ಈಗ ಆ ಆಸೆಯನ್ನೂ ಬಿಟ್ಟಳು. "ಈ ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ಅದರ ಚಿಂತೆ ಬೇಡ. ನೀವು ಎಲ್ಲೇ ಇದ್ದರೂ ಕರ್ತನ ಬಲಿಪೀಠದ ಮುಂದೆ ನನ್ನನ್ನು ನೆನೆಯಿರಿ, ಅಷ್ಟೇ ಕೇಳುವುದು" ಎಂದಳು. ಒಂಬತ್ತನೇ ದಿನ ತೀರಿಕೊಂಡಳು. ಆಗ ಆಕೆಗೆ 56, ಮಗನಿಗೆ 33 ನಡೆಯುತ್ತಿತ್ತು.

ಹತ್ತು ವರ್ಷದ ಮೇಲೆ, ಬಿಷಪ್ಪರಾಗಿ 'ಕನ್ಫೆಶನ್ಸ್' ಬರೆಯುವಾಗ ಅಗಸ್ಟೀನರು ದೇವರನ್ನು ಬೇಡುತ್ತಾರೆ: ಇದನ್ನು ಓದುವವರೆಲ್ಲ ನಿನ್ನ ಬಲಿಪೀಠದ ಮುಂದೆ ಮೋನಿಕಾಳನ್ನೂ ಅವಳ ಗಂಡ ಪ್ಯಾಟ್ರಿಕಿಯಸ್‌ನನ್ನೂ ನೆನೆಯಲಿ. ಇಡೀ ಪುಸ್ತಕದಲ್ಲಿ ಅಮ್ಮನ ಹೆಸರು ಬರುವುದು ಅಲ್ಲೊಂದೇ ಕಡೆ.

ಮೋನಿಕಾಳ ಅವಶೇಷಗಳು ಈಗ ರೋಮಿನ ಸಂತ ಅಗಸ್ಟೀನರ ಬೆಸಿಲಿಕಾದಲ್ಲಿವೆ. ಆಕೆಯನ್ನು ಮೊದಲು ಹೂತ ಓಸ್ತಿಯಾದಲ್ಲಿ 1945ರಲ್ಲಿ, ಸಂತ ಔರಿಯಾಳ ಚರ್ಚಿನ ಪಕ್ಕ ಆಟಕ್ಕೆ ಕಂಬ ನೆಡಲು ಹುಡುಗರು ಗುಂಡಿ ತೋಡುತ್ತಿದ್ದರು. ಅಮೃತಶಿಲೆಯ ಒಂದು ಚೂರು ಸಿಕ್ಕಿತು. ಮೇಲೆ ಲ್ಯಾಟಿನ್ ಅಕ್ಷರಗಳು. ಅದು ಆಕೆಯ ಸಮಾಧಿ ಕಲ್ಲಿನ ತುಂಡಾಗಿತ್ತು.